ಶ್ವಾಸಕೋಶದಿಂದ ಜೀವಕೋಶಕ್ಕೆ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯವನ್ನು ನಾವಾಗಿ ಆರಿಸಿಕೊಂಡದ್ದಲ್ಲ. ಯುಗಾದಿಯ ಊಟದ ಪಂಕ್ತಿಯಲ್ಲಿ ಅದು ನಮಗೆ ಒದಗಿ ಬಂದಿತು. ಪಕ್ಕದಲ್ಲಿ ಕುಳಿತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಹೋಳಿಗೆಯನ್ನು ಬದಿಗೆ ಸರಿಸಿ ಕೇಳಿದಳು: "ಅಂಕಲ್, ಉಸಿರಾಟ ನಡೆಯೋದು ಲಂಗ್ಸ್‌ನಲ್ಲಿ ಅಂತ ಅಪ್ಪ ಹೇಳ್ತಾರೆ. ನಮ್ಮ ಪುಸ್ತಕದಲ್ಲಿ ರೆಸ್ಪಿರೇಷನ್ ನಡೆಯೋದು ಸೆಲ್‌ನಲ್ಲಿ ಅಂತ ಇದೆ. ಯಾರು ಸರಿ?" ಇಬ್ಬರೂ ಸರಿ ಎಂದು ಹೇಳಿ ನಾವು ಪಾಯಸದ ಕಡೆಗೆ ತಿರುಗಿದೆವು. ಅದು ಉತ್ತರವಾಗಿರಲಿಲ್ಲ, ನುಣುಚಿಕೊಳ್ಳುವಿಕೆಯಾಗಿತ್ತು. ಆ ಪ್ರಶ್ನೆಯನ್ನು ಹಗುರವಾಗಿ ಕಂಡುದಕ್ಕೆ ನಾವು ಹಿಂದೊಮ್ಮೆ ದೊಡ್ಡ ಬೆಲೆ ತೆರುವುದರಲ್ಲಿದ್ದೆವು ಎಂಬುದು ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು.

ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದ ಎರಡನೆಯ ವರ್ಷ. ಹಿಮದ ಬಿರುಗಾಳಿಗೆ ಊರಿನ ಅರ್ಧಭಾಗದಲ್ಲಿ ವಿದ್ಯುತ್ ನಿಂತುಹೋಗಿತ್ತು. ಆ ರಾತ್ರಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಒಬ್ಬ ತಾಯಿ ಇಬ್ಬರು ಮಕ್ಕಳೊಡನೆ ಬಂದರು. ಮೂವರಿಗೂ ತಲೆನೋವು, ವಾಕರಿಕೆ. ಅದು ಫ್ಲೂ ಜ್ವರದ ಕಾಲ. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಶ್ವಾಸಕೋಶಗಳು ನಿರ್ಮಲವಾಗಿದ್ದವು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮೂವರಲ್ಲಿಯೂ ಶೇಕಡ 99 ಎಂದು ತೋರಿಸಿತು. ಮನೆಗೆ ಕಳುಹಿಸುವ ಕಾಗದಗಳನ್ನು ನಾವು ಬರೆಯತೊಡಗಿದ್ದಾಗ ಹಿರಿಯ ದಾದಿಯೊಬ್ಬರು ಆ ತಾಯಿಯನ್ನು, "ಕರೆಂಟಿಲ್ಲದೆ ಮನೆಯನ್ನು ಹೇಗೆ ಬೆಚ್ಚಗಿಟ್ಟುಕೊಂಡಿರಿ?" ಎಂದು ಸಹಜವಾಗಿ ವಿಚಾರಿಸಿದರು. ಗ್ಯಾರೇಜಿನಲ್ಲಿ ಜನರೇಟರ್ ಓಡುತ್ತಿತ್ತು, ಚಳಿಗೆ ಗ್ಯಾರೇಜಿನ ಬಾಗಿಲು ಮುಚ್ಚಿತ್ತು.

ಅದು ಕಾರ್ಬನ್ ಮಾನಾಕ್ಸೈಡ್ ವಿಷ. ಈ ಅನಿಲವು ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ರಕ್ತವೂ ಕೆಂಪಾಗಿಯೇ ಇರುವುದರಿಂದ ಸಾಮಾನ್ಯ ಆಕ್ಸಿಮೀಟರು ಮೋಸಹೋಗುತ್ತದೆ. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಶ್ವಾಸಕೋಶದಲ್ಲಿ ಉಸಿರಾಟ ಸೊಗಸಾಗಿ ನಡೆದಿತ್ತು. ಜೀವಕೋಶದಲ್ಲಿ ಅದು ನಿಲ್ಲತೊಡಗಿತ್ತು. ಶುದ್ಧ ಆಮ್ಲಜನಕದ ಚಿಕಿತ್ಸೆಯಿಂದ ಮೂವರೂ ಚೇತರಿಸಿಕೊಂಡರು. ದಾದಿಯ ಆ ಒಂದು ಮಾತು ಇಲ್ಲದಿದ್ದರೆ ನಾವು ಅವರನ್ನು ಅದೇ ಮನೆಗೆ ಮಲಗಲು ಕಳುಹಿಸುತ್ತಿದ್ದೆವು. (ನಿಮ್ಮ ಮನೆಯ ಮಲಗುವ ಕೋಣೆಗಳ ಬಳಿ ಈ ಅನಿಲದ ಅಲಾರಂ ಇದೆಯೇ, ಅದರ ಬ್ಯಾಟರಿಗೆ ಜೀವವಿದೆಯೇ ಎಂದು ಇಂದು ರಾತ್ರಿಯೇ ನೋಡಿಕೊಳ್ಳಬೇಕಾಗಿ ಬಿನ್ನಹ.)

ಕನ್ನಡದಲ್ಲಿ ಶ್ವಾಸಕೋಶ, ಜೀವಕೋಶ ಎರಡರಲ್ಲಿಯೂ ಇರುವುದು ಒಂದೇ 'ಕೋಶ'. ಆದರೆ ಉಸಿರಾಟದ ನೆಲೆಯು ಮೊದಲನೆಯ ಕೋಶದಿಂದ ಎರಡನೆಯದಕ್ಕೆ ಸರಿಯಲು ಮನುಷ್ಯನ ತಿಳಿವಳಿಕೆಗೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಾಲದುದ್ದಕ್ಕೂ ಹಸಿರೆಲೆಯ ಚರಿತ್ರೆ ಇದರ ಜೊತೆಜೊತೆಯಾಗಿಯೇ ನಡೆದುಬಂದಿದೆ.

ಉಸಿರಾಟವಿರುವುದು ಹೃದಯದ ಬಿಸಿಯನ್ನು ತಣಿಸುವುದಕ್ಕೆ ಎಂದು ಪ್ರಾಚೀನ ಗ್ರೀಕರು ನಂಬಿದ್ದರು. ಆ ನಂಬಿಕೆ ಯೂರೋಪಿನಲ್ಲಿ ಸುಮಾರು ಎರಡು ಸಾವಿರ ವರ್ಷ ಉಳಿಯಿತು. ಅದನ್ನು ಅಲುಗಿಸಿದವರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಒಬ್ಬ. 1665ರಲ್ಲಿ ಪ್ರಕಟವಾದ 'ಮೈಕ್ರೋಗ್ರಾಫಿಯ' ಗ್ರಂಥದಲ್ಲಿ ಆತ ಕಾರ್ಕಿನ ತೆಳುಹೋಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಅದರ ಪುಟ್ಟ ಗೂಡುಗಳನ್ನು 'ಸೆಲ್' ಎಂದು ಕರೆದುದು ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ. ಅದೇ ಹುಕ್ 1667ರ ಅಕ್ಟೋಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಮಾಡಿ ತೋರಿಸಿದ ಇನ್ನೊಂದು ಪ್ರಯೋಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಎದೆ ತೆರೆದ ನಾಯಿಯ ಶ್ವಾಸಕೋಶಕ್ಕೆ ಸಣ್ಣ ತೂತುಗಳನ್ನು ಮಾಡಿ, ಕಮ್ಮಾರನ ಕುಲುಮೆಯಲ್ಲಿರುವಂತಹ ಎರಡು ತಿದಿಗಳಿಂದ ಗಾಳಿಯನ್ನು ಎಡೆಬಿಡದೆ ಒಳಕ್ಕೆ ಊದಲಾಯಿತು. ಶ್ವಾಸಕೋಶ ಉಬ್ಬಿಕೊಂಡೇ ಇತ್ತು, ಅಲುಗಾಡಲಿಲ್ಲ. ಆದರೂ ನಾಯಿ ಬದುಕಿತ್ತು. ತಿದಿ ನಿಂತೊಡನೆ ಒದ್ದಾಡಿತು. ಬೇಕಾದುದು ಶ್ವಾಸಕೋಶದ ಚಲನೆಯಲ್ಲ, ಹೊಸ ಗಾಳಿ ಎಂದು ಹೀಗೆ ಸಿದ್ಧವಾಯಿತು. ಇದಕ್ಕೆ ಮೂರು ವರ್ಷ ಮೊದಲು ಇಂತಹುದೇ ಪ್ರಯೋಗವೊಂದನ್ನು ಮಾಡಿದಾಗ, ಆ ಪ್ರಾಣಿಯ ಯಾತನೆಯನ್ನು ಕಂಡು ಇನ್ನು ತನ್ನಿಂದ ಇದಾಗದೆಂದು ಹುಕ್ ರಾಬರ್ಟ್ ಬಾಯ್ಲ್‌ಗೆ ಪತ್ರ ಬರೆದಿದ್ದನು. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರಿನ ಸದ್ದು ಕೇಳುವಾಗ ನಮಗೆ ಆ ತಿದಿಗಳ ನೆನಪಾಗುವುದುಂಟು. ಜೀವಕೋಶಕ್ಕೆ ಹೆಸರಿಟ್ಟವನೇ ಉಸಿರಾಟದ ಈ ಪ್ರಯೋಗವನ್ನೂ ಮಾಡಿದನು. ಆದರೆ ಇವೆರಡಕ್ಕೂ ನಂಟಿದೆಯೆಂದು ಅವನಿಗಾಗಲಿ ಅವನ ಕಾಲದ ಬೇರೆಯವರಿಗಾಗಲಿ ಹೊಳೆಯಲು ಸಾಧ್ಯವಿರಲಿಲ್ಲ.

ಹೊಸ ಗಾಳಿಯಲ್ಲಿ ಇರುವುದಾದರೂ ಏನು? ಈ ಪ್ರಶ್ನೆಯ ಎಳೆಯನ್ನು ಹಿಡಿದು ಹೊರಟವರು ಗಿಡಮರಗಳ ಬಳಿಗೆ ಬಂದು ನಿಂತರು.

ಬ್ರಸೆಲ್ಸಿನ ವೈದ್ಯ ವಾನ್ ಹೆಲ್ಮಾಂಟ್ 200 ಪೌಂಡು ಒಣಮಣ್ಣಿನ ಕುಂಡದಲ್ಲಿ 5 ಪೌಂಡಿನ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದು, ಕೊನೆಗೆ ತೂಗಿ ನೋಡಿದನು. ಮರ 169 ಪೌಂಡಿಗೂ ಹೆಚ್ಚು ತೂಗಿತು. ಮಣ್ಣು ಕಳೆದುಕೊಂಡಿದ್ದುದು ಎರಡು ಔನ್ಸು ಮಾತ್ರ. ಮರವೆಲ್ಲ ನೀರಿನಿಂದಲೇ ಆದುದೆಂದು ಆತ ತೀರ್ಮಾನಿಸಿದನು. ಈ ಬರಹ ಅವನ ಮರಣಾನಂತರ 1648ರಲ್ಲಿ ಅಚ್ಚಾಯಿತು. ಇದರಲ್ಲೊಂದು ವಿಪರ್ಯಾಸವಿದೆ. 'ಗ್ಯಾಸ್' ಎಂಬ ಪದವನ್ನು ಲೋಕಕ್ಕೆ ಕೊಟ್ಟವನೇ ಈತ. ಇದ್ದಿಲು ಉರಿದಾಗ ಹೊರಡುವ ಅನಿಲವನ್ನು ಗುರುತಿಸಿದವನೂ ಈತ. ತನ್ನ ವಿಲೋ ಮರದ ಒಡಲು ಬಹುಪಾಲು ಆ ಅನಿಲದಿಂದಲೇ ಬಂದುದೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ಒಂದು ಶತಮಾನ ದಾಟಿ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬರೋಣ. ಅಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ, ಮನೆಯ ಪಕ್ಕದ ಬಿಯರ್ ಭಟ್ಟಿಯ ಗಾಳಿಯನ್ನು ನೋಡಿ ಅನಿಲಗಳ ಹುಚ್ಚು ಹಿಡಿಸಿಕೊಂಡವನು. 1771ರ ಆಗಸ್ಟ್ 17ರಂದು, ಮೇಣದ ಬತ್ತಿ ಉರಿದು ನಂದಿಹೋಗಿದ್ದ ಗಾಳಿಯಲ್ಲಿ ಪುದೀನದ ಒಂದು ಕುಡಿಯನ್ನು ಇಟ್ಟನು. 27ರಂದು ನೋಡಿದರೆ ಅದೇ ಗಾಳಿಯಲ್ಲಿ ಇನ್ನೊಂದು ಬತ್ತಿ ಚೆನ್ನಾಗಿ ಉರಿಯಿತು. ಪ್ರಾಣಿಗಳು ಕೆಡಿಸಿದ ಗಾಳಿಯನ್ನು ಗಿಡಗಳು ಸರಿಪಡಿಸುತ್ತವೆ ಎಂಬುದಕ್ಕೆ ಇದೇ ಮೊದಲ ಪ್ರಮಾಣ. ಆದರೆ ಮುಂದಿನ ವರ್ಷಗಳಲ್ಲಿ ಪ್ರೀಸ್ಟ್ಲಿಗೆ ಇದೇ ಪ್ರಯೋಗ ಕೆಲವೊಮ್ಮೆ ಕೈಗೂಡಿತು, ಕೆಲವೊಮ್ಮೆ ಕೈಕೊಟ್ಟಿತು. ಸ್ವೀಡನ್ನಿನ ಷೀಲೆಗೆ ಕೈಗೂಡಲೇ ಇಲ್ಲ.

ಕಾರಣವನ್ನು ಕಂಡುಹಿಡಿದವನು ಮತ್ತೊಬ್ಬ ವೈದ್ಯ, ಅದೂ ಪರದೇಶದಲ್ಲಿ ವೃತ್ತಿ ಮಾಡುತ್ತಿದ್ದವನು. ಹಾಲೆಂಡಿನ ಬ್ರೆಡಾ ಎಂಬ ಊರಿನ ಯಾನ್ ಇಂಗನ್‌ಹೌಸ್, 1768ರಲ್ಲಿ ವಿಯೆನ್ನಾದ ರಾಜಕುಟುಂಬಕ್ಕೆ ಸಿಡುಬಿನ ವಿರುದ್ಧ ಲಸಿಕೆ ಹಾಕಿ ಅರಸಿ ಮರಿಯಾ ಥೆರೇಸಾಳ ಆಸ್ಥಾನ ವೈದ್ಯನಾದವನು. (ಜೆನ್ನರನ ಗೋವಿನ ಲಸಿಕೆ ಇನ್ನೂ ಬಂದಿರಲಿಲ್ಲ, ರೋಗಿಯ ಸಿಡುಬಿನ ಕೀವನ್ನೇ ಗೀರಿ ಹಾಕುತ್ತಿದ್ದ ಕಾಲವದು.) ಈತ 1779ರ ಬೇಸಿಗೆಯಲ್ಲಿ ಲಂಡನ್ನಿನ ಬಳಿಯ ಹಳ್ಳಿಮನೆಯೊಂದನ್ನು ಹಿಡಿದು, ಮೂರು ತಿಂಗಳಲ್ಲಿ ಐನೂರು ಪ್ರಯೋಗಗಳನ್ನು ಮಾಡಿದನು. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಗುಳ್ಳೆಗಳು ಏಳುತ್ತವೆ, ಕತ್ತಲಲ್ಲಿ ನಿಲ್ಲುತ್ತವೆ. ಗಾಳಿಯನ್ನು ಸರಿಪಡಿಸುವುದು ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕಿದ್ದಾಗ ಮಾತ್ರ. ಸೂರ್ಯನ ಶಾಖವಲ್ಲ, ಬೆಳಕೇ ಕಾರಣ. ಇಷ್ಟಕ್ಕೇ ನಿಲ್ಲದೆ ಆತ ಇನ್ನೊಂದು ಮಾತನ್ನೂ ಹೇಳಿದನು: ರಾತ್ರಿಯಲ್ಲಿ ಗಿಡಗಳೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತವೆ.

ಗಿಡಗಳೂ ಉಸಿರಾಡುತ್ತವೆ ಎಂಬ ಈ ಎರಡನೆಯ ಮಾತು ಲೋಕಕ್ಕೆ ಅರ್ಧ ಮಾತ್ರ ತಲುಪಿತು. ತಲುಪಿದ ಅರ್ಧವೂ ಭಯದ ರೂಪದಲ್ಲಿ ತಲುಪಿತು. ಸಂಜೆಯಾದೊಡನೆ ರೋಗಿಗಳ ಬಳಿಯ ಹೂದಾನಿಗಳನ್ನು ವಾರ್ಡಿನಿಂದ ಹೊರಗಿಡುವ ಪದ್ಧತಿ ಅನೇಕ ಆಸ್ಪತ್ರೆಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂದಿತು. ನಮ್ಮ ಊರಿನಲ್ಲಿ ಅಜ್ಜಿ, ರಾತ್ರಿ ಹುಣಸೆ ಮರದ ಕೆಳಗೆ ಮಲಗಬೇಡವೆಂದು ಹೇಳಿದಾಗ ಅದಕ್ಕೆ ಕಾರಣ ದೆವ್ವವಾಗಿತ್ತು. ಹೈಸ್ಕೂಲಿನಲ್ಲಿ ಮೇಷ್ಟರು ದೆವ್ವವನ್ನು ತೆಗೆದು ಆ ಜಾಗದಲ್ಲಿ ಇಂಗಾಲದ ಡೈ ಆಕ್ಸೈಡನ್ನು ಕೂರಿಸಿದರು. ನಾವು ವಿಜ್ಞಾನ ಕಲಿತೆವೆಂದು ಹಿಗ್ಗಿದೆವು. ಲೆಕ್ಕ ಹಾಕಿದರೆ ಮೇಷ್ಟರಿಗಿಂತ ಅಜ್ಜಿಯೇ ವಾಸಿ. ಸುಮ್ಮನೆ ಮಲಗಿರುವ ವಯಸ್ಕನೊಬ್ಬ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತಾನೆ. ಹೂದಾನಿಯ ಹೂವುಗಳು ಬಿಡುವುದು ಇದರ ಮುಂದೆ ಲೆಕ್ಕಕ್ಕೇ ಬಾರದು. ಮರದ ಕೆಳಗಿನ ಬಯಲು ಗಾಳಿಯಲ್ಲಂತೂ ಅದು ನಿಲ್ಲುವುದೇ ಇಲ್ಲ. ಹಾಗೆ ಭಯಪಡುವುದಾದರೆ ಪಕ್ಕದಲ್ಲಿ ಮಲಗಿರುವ ಪತಿಗೋ ಪತ್ನಿಗೋ ಮೊದಲು ಭಯಪಡಬೇಕಾದೀತು.

ಇದರ ಎದುರು ತುದಿಯ ಮಾತೂ ನಮ್ಮವರಲ್ಲಿ ಚಲಾವಣೆಯಲ್ಲಿದೆ: ಅಶ್ವತ್ಥವೂ ತುಳಸಿಯೂ ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತವೆಯೆಂಬುದು. ತುಳಸಿಯ ಮುಂದೆ ದೀಪ ಹಚ್ಚುವುದಕ್ಕೆ ಅಂತಹ ಆಧಾರ ಬೇಕಾಗಿಲ್ಲ ಎಂದು ನಮ್ಮ ಭಾವನೆ. ಬೆಳಕಿಲ್ಲದೆ ಯಾವ ಎಲೆಯೂ ಆಮ್ಲಜನಕವನ್ನು ಬಿಡುವುದಿಲ್ಲ. ಕಳ್ಳಿಯಂತಹ ಕೆಲವು ಸಸ್ಯಗಳು ಇಂಗಾಲದ ಡೈ ಆಕ್ಸೈಡನ್ನು ರಾತ್ರಿಯೇ ಒಳಗೆ ತೆಗೆದುಕೊಂಡು ಕೂಡಿಡುತ್ತವೆ, ನಿಜ; ಅವು ಆಮ್ಲಜನಕವನ್ನು ಬಿಡುವುದು ಮಾತ್ರ ಹಗಲಿನಲ್ಲಿಯೇ.

ಇನ್ನು ಪ್ಯಾರಿಸ್. 1774ರ ಆಗಸ್ಟ್ 1ರಂದು ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮಕ್ಕೆ ಮಸೂರದಿಂದ ಬಿಸಿಲು ಹಾಯಿಸಿ ಪಡೆದ ಹೊಸ ಅನಿಲದ ವಿಚಾರವನ್ನು, ಅದೇ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಹೋಗಿದ್ದಾಗ ಲವಾಸಿಯೇಗೆ ತಿಳಿಸಿದನು. ಅದರ ಅರ್ಥ ತಿಳಿದುದು ಹೇಳಿದವನಿಗಲ್ಲ, ಕೇಳಿದವನಿಗೆ. ಲವಾಸಿಯೇ ಅದಕ್ಕೆ 'ಆಕ್ಸಿಜನ್' ಎಂದರೆ ಆಮ್ಲವನ್ನು ಹುಟ್ಟಿಸುವುದು ಎಂದು ಹೆಸರಿಟ್ಟನು. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವಿರುತ್ತದೆಂಬ ಅವನ ಊಹೆ ಮುಂದೆ ತಪ್ಪೆಂದು ತಿಳಿಯಿತು. ಆದರೆ ನಮ್ಮ ಹಿರಿಯರು ಆ ಹೆಸರನ್ನು ಅಚ್ಚುಕಟ್ಟಾಗಿ 'ಆಮ್ಲಜನಕ' ಎಂದು ಕನ್ನಡಿಸಿದ್ದರಿಂದ, ಆ ಫ್ರೆಂಚ್ ತಪ್ಪು ನಮ್ಮ ನಾಲಗೆಯ ಮೇಲೆ ಈಗಲೂ ಸುಖವಾಗಿದೆ. 'ಪ್ರಾಣವಾಯು' ಎನ್ನುವವರು ಈ ವಿಷಯದಲ್ಲಿ ಹೆಚ್ಚು ಕ್ಷೇಮ.

1780ರ ದಶಕದ ಆರಂಭದಲ್ಲಿ ಲವಾಸಿಯೇ ಮತ್ತು ಲಪ್ಲಾಸ್ ಇಬ್ಬರೂ ಸೇರಿ ಒಂದು ಗಿನಿ ಹಂದಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜುಗಡ್ಡೆ ಕರಗುತ್ತದೆಂದು ಅಳೆದರು. ಉರಿಯುವ ಇದ್ದಿಲಿನೊಡನೆ ಅದನ್ನು ಹೋಲಿಸಿ, ಉಸಿರಾಟವೆಂಬುದು ನಿಧಾನವಾದ ಒಂದು ಉರಿ ಎಂದು ಸಾರಿದರು. ಮಾತು ಸರಿ. ಆದರೆ ಉರಿ ಎಲ್ಲಿ? ಶ್ವಾಸಕೋಶದಲ್ಲಿ ಎಂದು ಲವಾಸಿಯೇ ಎಣಿಸಿದನು. ಗಣಿತಜ್ಞ ಲಗ್ರಾಂಜ್ ಸರಳವಾದ ಆಕ್ಷೇಪವೊಂದನ್ನು ಎತ್ತಿದನು: ದೇಹದ ಶಾಖವೆಲ್ಲ ಅಲ್ಲಿಯೇ ಹುಟ್ಟುವುದಾದರೆ ಆ ಅಂಗ ಬೆಂದುಹೋಗಬೇಡವೇ? ಉರಿಯು ರಕ್ತದಲ್ಲಿ, ಮೈಯ ಉದ್ದಗಲಕ್ಕೂ ನಡೆಯುತ್ತಿರಬೇಕೆಂದು ಅವನ ಊಹೆ. ಇಟಲಿಯ ಸ್ಪಲ್ಲಂಜಾನಿ ಇನ್ನೂ ಮುಂದೆ ಹೋದನು. ಪ್ರಾಣಿಗಳ ದೇಹದಿಂದ ಬೇರ್ಪಡಿಸಿದ ಅಂಗಾಂಶಗಳೂ ಆಮ್ಲಜನಕವನ್ನು ಹೀರಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆಂದು ಅವನು ಕಂಡನು. ಅವನ ಬರಹ ಅಚ್ಚಾದದ್ದು 1803ರಲ್ಲಿ, ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ. ಅದಕ್ಕೆ ಕಿವಿಗೊಟ್ಟವರು ವಿರಳ.

ಲವಾಸಿಯೇ ಅಷ್ಟರಲ್ಲಿ ಇರಲಿಲ್ಲ. ಅರಸೊತ್ತಿಗೆಗೆ ತೆರಿಗೆ ವಸೂಲಿ ಮಾಡುತ್ತಿದ್ದ ಕೂಟದಲ್ಲಿ ಪಾಲುದಾರನಾಗಿದ್ದ ಅವನನ್ನು 1794ರ ಮೇ 8ರಂದು ಗಿಲೊಟಿನ್ನಿಗೆ ಕೊಟ್ಟರು. ಆ ದಿನ ಪ್ರೀಸ್ಟ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಹಡಗಿನಲ್ಲಿದ್ದನು. ಫ್ರಾನ್ಸಿನ ಕ್ರಾಂತಿಯನ್ನು ಮೆಚ್ಚಿದ್ದನೆಂಬ ಕಾರಣಕ್ಕೆ ಬರ್ಮಿಂಗ್‌ಹ್ಯಾಮಿನ ಜನರ ಗುಂಪು 1791ರಲ್ಲಿ ಅವನ ಮನೆಯನ್ನೂ ಪ್ರಯೋಗಶಾಲೆಯನ್ನೂ ಸುಟ್ಟುಹಾಕಿತ್ತು. ಒಬ್ಬನನ್ನು ಕ್ರಾಂತಿ ಕೊಂದಿತು, ಇನ್ನೊಬ್ಬನನ್ನು ಕ್ರಾಂತಿಯ ವಿರೋಧಿಗಳು ಓಡಿಸಿದರು. 1794ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಪ್ರೀಸ್ಟ್ಲಿ, ಪೆನ್ಸಿಲ್ವೇನಿಯಾದ ನಾರ್ತಂಬರ್ಲೆಂಡ್ ಎಂಬಲ್ಲಿ ಸಸ್ಕ್ವೆಹ್ಯಾನಾ ನದಿಯ ದಂಡೆಯ ಮೇಲೆ ಮನೆ ಕಟ್ಟಿಸಿಕೊಂಡು 1804ರಲ್ಲಿ ಅಲ್ಲಿಯೇ ತೀರಿಕೊಂಡನು. ಆ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ನಮ್ಮಂತೆ ಸಾಮಾನು ಕಟ್ಟಿಕೊಂಡು ಬಂದವನ ಮನೆಯದು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದೊಯ್ಯಬಹುದು.

ಈ ಕಥೆಯಲ್ಲಿ ನಮಗೆ ಅತ್ಯಂತ ಪ್ರಿಯನಾದವನು ಜರ್ಮನಿಯ ಹೈಲ್‌ಬ್ರಾನ್ ಊರಿನ ಯೂಲಿಯಸ್ ರಾಬರ್ಟ್ ಮೇಯರ್. 1840ರಲ್ಲಿ ಡಚ್ಚರ ಹಡಗಿಗೆ ವೈದ್ಯನಾಗಿ ಜಾವಾ ದ್ವೀಪಕ್ಕೆ ಹೋದಾಗ ಅವನಿಗೆ ಇಪ್ಪತ್ತೈದು ವರ್ಷ. ಅಲ್ಲಿ ಕಾಯಿಲೆ ಬಿದ್ದ ನಾವಿಕರ ತೋಳಿನ ಅಭಿಧಮನಿಯಿಂದ, ಅಂದಿನ ಪದ್ಧತಿಯಂತೆ, ರಕ್ತ ಬಿಡಿಸಿದನು. ಕಪ್ಪಗಿರಬೇಕಾದ ರಕ್ತ ಕೆಂಪಗೆ ಹೊಳೆಯುತ್ತ ಹೊರಬಂತು. ತಪ್ಪಿ ಅಪಧಮನಿಯನ್ನೇ ಕೊಯ್ದೆನೋ ಎಂದು ಅವನು ಗಾಬರಿಯಾದನು. ಹಾಗೇನೂ ಆಗಿರಲಿಲ್ಲ. ಸೆಕೆಯ ನಾಡಿನಲ್ಲಿ ಮೈಯನ್ನು ಬೆಚ್ಚಗಿಡಲು ಕಡಿಮೆ ಉರಿ ಸಾಕು. ಆದುದರಿಂದ ರಕ್ತದ ಆಮ್ಲಜನಕ ಹೆಚ್ಚು ಖರ್ಚಾಗದೆ ಹಿಂದಿರುಗುತ್ತದೆ ಎಂದು ಅವನು ತರ್ಕಿಸಿದನು. ಅನ್ನ, ಶಾಖ, ದುಡಿಮೆ ಇವೆಲ್ಲ ಒಂದೇ ಶಕ್ತಿಯ ರೂಪಗಳು. ಅದು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬಲ್ಲಿಗೆ ಆ ತರ್ಕ ಅವನನ್ನು ಕೊಂಡೊಯ್ದಿತು. 1842ರಲ್ಲಿ ಅದನ್ನು ಪ್ರಕಟಿಸಿದನು. 1845ರ ಪುಸ್ತಿಕೆಯಲ್ಲಿ, ಓಡುವ ಬೆಳಕನ್ನು ಹಿಡಿದು ರಾಸಾಯನಿಕ ರೂಪದಲ್ಲಿ ಕೂಡಿಡುವುದೇ ಸಸ್ಯಗಳ ಕೆಲಸ, ಪ್ರಾಣಿಗಳು ಖರ್ಚು ಮಾಡುವುದು ಆ ಗಂಟನ್ನೇ ಎಂದು ವಿವರಿಸಿದನು. ಎಲೆಯ ಕಥೆಯೂ ಉಸಿರಿನ ಕಥೆಯೂ ಒಂದೇ ಲೆಕ್ಕದ ಪುಸ್ತಕದ ಜಮೆ ಮತ್ತು ಖರ್ಚು ಎಂದು ತೋರಿಸಿಕೊಟ್ಟವನು ಇವನೇ.

ವೈದ್ಯರಾಗಿ ಇಲ್ಲೊಂದು ತಕರಾರು ಹೇಳಲೇಬೇಕು. ಸೆಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತ ರಭಸವಾಗಿ ಹರಿಯುವುದರಿಂದಲೂ ತೋಳಿನ ಅಭಿಧಮನಿಯ ರಕ್ತ ಕೆಂಪಾಗುತ್ತದೆ. ಮೇಯರ್ ಕಂಡುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿದ್ದೀತು. ಅರೆಸರಿಯಾದ ಸಾಕ್ಷಿಯಿಂದ ಪೂರ್ತಿ ಸರಿಯಾದ ತೀರ್ಮಾನಕ್ಕೆ ಬರುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಬೇರೆ ಭಾಗ್ಯ ಅವನಿಗೂ ಇರಲಿಲ್ಲ. ವಿದ್ವಾಂಸರು ಹಳ್ಳಿಯ ವೈದ್ಯನ ಮಾತೆಂದು ಕಡೆಗಣಿಸಿದರು, ಮಕ್ಕಳು ತೀರಿಹೋದರು, 1850ರಲ್ಲಿ ಅವನು ಕಿಟಕಿಯಿಂದ ಹಾರಿ ಸಾಯಲೆಳಸಿದನು, ಮುಂದೆ ಹುಚ್ಚಾಸ್ಪತ್ರೆಯನ್ನೂ ಕಂಡನು. ರಾಯಲ್ ಸೊಸೈಟಿಯ ಕಾಪ್ಲಿ ಪದಕ ಅವನನ್ನು ತಲುಪಿದ್ದು 1871ರಲ್ಲಿ.

ಅಷ್ಟರಲ್ಲಿ ಸಸ್ಯಗಳೆಲ್ಲ ಜೀವಕೋಶಗಳಿಂದಾದುವೆಂದು 1838ರಲ್ಲಿ ಷ್ಲೈಡೆನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಷ್ವಾನ್ ಸಾರಿದ್ದರು. ರೋಗವೂ ಜೀವಕೋಶದಲ್ಲಿಯೇ ನೆಲೆಸುತ್ತದೆಂದು 1858ರಲ್ಲಿ ವಿರ್ಕೋ ಬೋಧಿಸಿದನು. 1870ರ ದಶಕದಲ್ಲಿ ಜರ್ಮನಿಯ ಪ್ಫ್ಲೂಗರನ ಪ್ರಯೋಗಶಾಲೆಯಲ್ಲಿ ಕಪ್ಪೆಯ ರಕ್ತವನ್ನೆಲ್ಲ ತೆಗೆದು ಉಪ್ಪುನೀರು ತುಂಬಿದರು. ಶುದ್ಧ ಆಮ್ಲಜನಕದ ಮಧ್ಯೆ ಇಟ್ಟಾಗ ಆ ಕಪ್ಪೆ ಮೊದಲಿನಂತೆಯೇ ಆಮ್ಲಜನಕವನ್ನು ಬಳಸುತ್ತ ಬದುಕಿತ್ತು. ಉರಿ ರಕ್ತದಲ್ಲಿಯೂ ಇಲ್ಲ. ರಕ್ತ ಬರಿಯ ಹೊರೆಯಾಳು. ಒಲೆಯಿರುವುದು ಒಂದೊಂದು ಜೀವಕೋಶದ ಒಳಗೆ. ಹುಕ್ಕನ ಗೂಡು ಮತ್ತು ಹುಕ್ಕನ ತಿದಿ ಒಂದನ್ನೊಂದು ಕಂಡುಕೊಳ್ಳಲು ಇನ್ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಆ ಒಲೆಯ ವಿನ್ಯಾಸ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬರ್ಲಿನ್ನಿನ ವಾರ್ಬುರ್ಗ್ 1920ರ ದಶಕದಲ್ಲಿ ಜೀವಕೋಶಗಳ ಉಸಿರನ್ನು ಕಾರ್ಬನ್ ಮಾನಾಕ್ಸೈಡಿನಿಂದ ಕಟ್ಟಿ, ಬೆಳಕು ಹಾಯಿಸಿದಾಗ ಅದು ಮತ್ತೆ ತೆರೆದುಕೊಳ್ಳುವುದನ್ನು ಕಂಡು, ಒಳಗಿನ ಕಬ್ಬಿಣದ ಕಿಣ್ವವನ್ನು ಪತ್ತೆಹಚ್ಚಿದನು. ನಮ್ಮನ್ನು ಆ ರಾತ್ರಿ ಏಮಾರಿಸಿದ ಅದೇ ಅನಿಲವು ಅವನ ಕೈಯಲ್ಲಿ ದೀಪವಾಯಿತು. ಯೆಹೂದ್ಯನೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಬಂದ ವೈದ್ಯ ಹಾನ್ಸ್ ಕ್ರೆಬ್ಸ್, 1937ರಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನು ಅರೆದು ಸಿಟ್ರಿಕ್ ಆಮ್ಲದ ಚಕ್ರವನ್ನು ಬಿಡಿಸಿಟ್ಟನು. 'ನೇಚರ್' ಪತ್ರಿಕೆ ತನ್ನಲ್ಲಿ ಸ್ಥಳವಿಲ್ಲವೆಂದು ಆ ಲೇಖನವನ್ನು ಮರಳಿಸಿತು. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂದಿತು. ಉರಿಯಿಂದ ಬಂದ ಶಕ್ತಿಯನ್ನು ಜೀವಕೋಶವು ಚಿಲ್ಲರೆ ಮಾಡಿ ಇಟ್ಟುಕೊಳ್ಳುವ ನಾಣ್ಯ ಎ.ಟಿ.ಪಿ. ಅದನ್ನು 1929ರಲ್ಲಿ ಜರ್ಮನಿಯಲ್ಲಿ ಲೋಮನ್ ಕಂಡುಹಿಡಿದ ಹೊತ್ತಿಗೇ, ಬಾಸ್ಟನ್ನಿನಲ್ಲಿ ಫಿಸ್ಕೆ ಎಂಬವರೊಡನೆ ಸ್ವತಂತ್ರವಾಗಿ ಕಂಡುಹಿಡಿದವರು ನಮ್ಮ ನೆರೆಯ ಆಂಧ್ರದ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಕಲಿತು ಬಂದ ಇವರು, ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದವರು. ಪರೀಕ್ಷೆಯ ಹಿಂದಿನ ರಾತ್ರಿ ಎ.ಟಿ.ಪಿ. ಎಂಬ ಮೂರಕ್ಷರಗಳನ್ನು ಉರುಹೊಡೆಯುವ ನಮ್ಮ ಮಕ್ಕಳಿಗೆ ಈ ಹೆಸರನ್ನು ನಾವಾದರೂ ಹೇಳಬೇಕು, ಪಠ್ಯಪುಸ್ತಕ ಹೇಳುವುದಿಲ್ಲ.

ಎಲೆಯ ಕಡೆ ಉಳಿದಿದ್ದ ದೊಡ್ಡ ಒಗಟು, ಅದು ಬಿಡುವ ಆಮ್ಲಜನಕ ಎಲ್ಲಿಂದ ಬರುತ್ತದೆ ಎಂಬುದು. ಇಂಗಾಲದ ಡೈ ಆಕ್ಸೈಡು ಒಡೆದು ಬರುತ್ತದೆಂದೇ ಬಹುಕಾಲ ಎಣಿಸಿದ್ದರು. 1941ರಲ್ಲಿ ಕ್ಯಾಲಿಫೋರ್ನಿಯಾದ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕವುಳ್ಳ ನೀರನ್ನು ಪಾಚಿಗೆ ಕೊಟ್ಟು ನೋಡಿದಾಗ ಗಾಳಿಗೆ ಬಂದದ್ದು ನೀರಿನ ಆಮ್ಲಜನಕ. ಎಲೆಯು ಬೆಳಕಿನ ಬಲದಿಂದ ನೀರನ್ನು ಒಡೆಯುತ್ತದೆ. ನಮ್ಮ ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಅದೇ ಆಮ್ಲಜನಕ ಮರಳಿ ನೀರಾಗುತ್ತದೆ.

ಇಷ್ಟು ಹೇಳಿದ ಮೇಲೆ ಆ ಹುಡುಗಿಗೆ ಸಲ್ಲಬೇಕಾದ ಉತ್ತರ: ಗಾಳಿಯನ್ನು ಒಳಗೆ ತಂದು ಹೊರಗೆ ಬಿಡುವುದಕ್ಕೂ ಜೀವಕೋಶದೊಳಗಿನ ಉರಿಗೂ ಕನ್ನಡದಲ್ಲಿ ನಾವು 'ಉಸಿರಾಟ' ಎಂಬ ಒಂದೇ ಪದವನ್ನು ಬಳಸುತ್ತೇವೆ. ನಿನ್ನ ತಂದೆ ಹೇಳಿದ್ದು ಬಾಗಿಲ ಮಾತು, ಪುಸ್ತಕ ಹೇಳಿದ್ದು ಒಲೆಯ ಮಾತು. ಮೊನ್ನೆ ಅವಳನ್ನು ಕರೆದು ಹೀಗೆಂದು ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎಲೆಯ ಸೆಲ್‌ನಲ್ಲೂ ಮೈಟೊಕಾಂಡ್ರಿಯ ಇದೆಯಾ?" ಎಂದಳು. ಇದೆ; ಹಗಲೂ ಕೆಲಸ ಮಾಡುತ್ತದೆ, ರಾತ್ರಿಯೂ ಮಾಡುತ್ತದೆ ಎಂದೆವು.